ಗ್ಯಾರೇಜ್ ಕಟ್ಟೆ: ಕಡಲ ಇಂಜಿನ್ನು, ತುಮಕೂರಿನ ಗಾಳಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ದೋಣಿಯವೇ. ಮಲ್ಪೆಯಲ್ಲಿ ಹನ್ನೊಂದು ವರ್ಷ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವಂಥದ್ದು) ಬಿಚ್ಚಿ ಕಟ್ಟಿದವನು ನಾನು ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದದ್ದೇ ತಪ್ಪಾಯಿತು. ತೋಟದ ಪಂಪ್‌ಸೆಟ್ಟಿನವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ಪೂರ್ತಿ ನಿಮ್ಮದೇ.

ಪ್ರಶ್ನೆ: ನಾನೂ ನನ್ನ ಭಾವಮೈದನೂ ಸೇರಿ ಜಲಾಶಯದ ಹಿನ್ನೀರಿನಲ್ಲಿ ಸ್ಪೀಡ್ ಬೋಟ್ ಓಡಿಸುವ ಯೋಚನೆಯಲ್ಲಿದ್ದೇವೆ. ಅನುಮತಿಗೆ ಅರ್ಜಿ ಹಾಕಿದ್ದೇವೆ. ಹದಿನಾರು ಅಡಿಯ ಫೈಬರ್ ದೋಣಿ ಸಿಕ್ಕಿದೆ. ಕರಾವಳಿಯವರೊಬ್ಬರು 40 ಎಚ್‌ಪಿ ಟು ಸ್ಟ್ರೋಕ್ ಇಂಜಿನ್ ಕೊಡುತ್ತೇವೆ ಅಂದಿದ್ದಾರೆ. ಹೊಸ ಫೋರ್ ಸ್ಟ್ರೋಕ್ ತಗೊಂಡರೆ ಅದರ ಮೂರು ಪಟ್ಟು ಬೆಲೆ. ಕೂತವರಿಗೆ ಮೈ ಜುಮ್ ಅನ್ನುವಂಥ ವೇಗ ಬೇಕು. ಭಾವಮೈದ ಟು ಸ್ಟ್ರೋಕೇ ಆಗಬೇಕು ಅಂತ ಹಟ ಹಿಡಿದಿದ್ದಾನೆ. ಯಾವುದು ತಗೊಳ್ಳಲಿ?
— ಓದುಗರು, ಕುಣಿಗಲ್

ಉತ್ತರ: ನಿಮ್ಮ ಭಾವಮೈದ ಹರೆಯದಲ್ಲಿ ಆರ್‌ಎಕ್ಸ್ 100 ಓಡಿಸಿದವರೇ ಇರಬೇಕು. ಆ ಗಾಡಿ ಬಂದದ್ದು 1985ರಲ್ಲಿ, ಸಿಡಿ 100 ಬಂದದ್ದೂ ಅದೇ ವರ್ಷ. ಎರಡೂ ನೂರು ಸಿಸಿಯ ಆಸುಪಾಸಿನವೇ. ಟು ಸ್ಟ್ರೋಕಿನ ಆರ್‌ಎಕ್ಸಿಗೆ ಹನ್ನೊಂದು ಎಚ್‌ಪಿ, ಫೋರ್ ಸ್ಟ್ರೋಕಿನ ಸಿಡಿಗೆ ಏಳರ ಹತ್ತಿರ. ಬಿ.ಎಚ್. ರಸ್ತೆಯಲ್ಲಿ ಯಾವುದು ಮುಂದೆ ಹೋಗುತ್ತಿತ್ತು, ತಿಂಗಳ ಕೊನೆಗೆ ಯಾವುದು ಮನೆ ಮುಟ್ಟುತ್ತಿತ್ತು ಅನ್ನುವುದು ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ದೋಣಿ ಇಂಜಿನ್ನಿನ ಜಗಳದ ಬೇರೂ ಅಲ್ಲೇ ಇದೆ.

ಟು ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಏಟು, ಅಂದರೆ ಪೆಟ್ರೋಲು ಉರಿದು ಪಿಸ್ಟನ್ನನ್ನು ಒಂದು ಸಲ ತಳ್ಳುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು. ಟು ಸ್ಟ್ರೋಕಿಗೆ ವಾಲ್ವಿಲ್ಲ, ಕ್ಯಾಮ್‌ಶಾಫ್ಟಿಲ್ಲ, ಆಯಿಲ್ ಸಂಪಿಲ್ಲ, ಹಾಗಾಗಿ ಮೈಯೂ ಹಗುರ. ಹಾಗಂತ ಶಕ್ತಿ ಎರಡು ಪಟ್ಟು ಬಂದುಬಿಡುವುದಿಲ್ಲ. ಸುಟ್ಟ ಹೊಗೆ ಹೊರಗೆ ಹೋಗುತ್ತಿರುವಾಗಲೇ ಹೊಸ ಪೆಟ್ರೋಲು ಗಾಳಿ ಒಳಗೆ ನುಗ್ಗುತ್ತದೆ, ಎರಡಕ್ಕೂ ಬಾಗಿಲು ಒಟ್ಟಿಗೇ ತೆರೆದಿರುತ್ತದೆ. ರಾಗಿ ತೂರುವಾಗ ಗಾಳಿ ಜೋರಾದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತದಲ್ಲ, ಹಾಗೆ. ಹಳೇ ಕಾರ್ಬೊರೇಟರ್ ಇಂಜಿನ್ನಿನಲ್ಲಿ ಹಾಕಿದ ಪೆಟ್ರೋಲಿನ ಕಾಲು ಭಾಗದವರೆಗೂ ಸುಡದೆಯೇ ನೀರಿಗೆ ಹೋಗುತ್ತಿತ್ತು. ಮಲ್ಪೆಯ ದಕ್ಕೆಯಲ್ಲಿ ಬೆಳಗ್ಗೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುತ್ತಿದ್ದುದನ್ನು ಚಂದ ಅಂತ ನೋಡುತ್ತ ನಿಂತಿದ್ದವನು ನಾನೇ.

ಆದರೂ ವೇಗದ ದೋಣಿಗೆ ಟು ಸ್ಟ್ರೋಕ್ ಅಂದರೆ ಜನ ಯಾಕೆ ಸಾಯುತ್ತಾರೆ? ಮೊದಲ ಐದಾರು ಸೆಕೆಂಡಿಗಾಗಿ. ದೋಣಿ ನಿಧಾನಕ್ಕೆ ಹೋಗುವಾಗ ನೀರನ್ನು ಸೀಳಿಕೊಂಡು, ಮೂಗು ಮೇಲೆತ್ತಿಕೊಂಡು, ಬಾಲ ಮುಳುಗಿಸಿಕೊಂಡು ಹೋಗುತ್ತದೆ. ಒಂದು ಹಂತ ದಾಟಿದರೆ ಮೈ ಪೂರ್ತಿ ಮೇಲೆ ಬಂದು ನೀರಿನ ಮೇಲೆ ಜಾರುತ್ತದೆ. ಆ ಗುಡ್ಡ ಹತ್ತಿಸುವ ಕೆಲಸಕ್ಕೆ ದಮ್ಮು ಬೇಕು, ಹಿಂದೆ ಭಾರ ಕಡಿಮೆ ಇರಬೇಕು. ಎರಡರಲ್ಲೂ ಹಳೇ ಟು ಸ್ಟ್ರೋಕಿನದೇ ಮೇಲುಗೈ. 40 ಎಚ್‌ಪಿಯಲ್ಲಿ ಟು ಸ್ಟ್ರೋಕು ಸುಮಾರು 75 ಕೆಜಿ ತೂಗಿದರೆ ಫೋರ್ ಸ್ಟ್ರೋಕು 95ರ ಮೇಲೆ. ಹದಿನಾರಡಿ ದೋಣಿಯ ಹಿಂಬದಿ ಹಲಗೆಗೆ ಇಪ್ಪತ್ತು ಕೆಜಿ ಅಂದರೆ ಸಣ್ಣ ಮಾತಲ್ಲ, ಹಿಂದಿನ ಸೀಟಿನಲ್ಲಿ ಏಳು ವರ್ಷದ ಹುಡುಗನನ್ನು ಕಾಯಂ ಕೂರಿಸಿಕೊಂಡ ಹಾಗೆ.

ಇಷ್ಟು ಹೇಳಿದ ಮೇಲೆ ನನ್ನ ಮುಖಭಂಗದ ಕಥೆಯನ್ನೂ ಹೇಳಬೇಕು. ಮಲ್ಪೆ ಬಿಟ್ಟು ಊರಿಗೆ ಬಂದ ಮೊದಲ ವರ್ಷ, ನಾನೇ ಕೈಯಾರೆ ಕಟ್ಟಿದ ಇಂಥದೇ ಒಂದು 40 ಎಚ್‌ಪಿ ಟು ಸ್ಟ್ರೋಕನ್ನು ಇಲ್ಲಿಯ ಪರಿಚಯಸ್ಥರೊಬ್ಬರಿಗೆ ಮಾರಿದೆ. ಕಡಲಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಎದ್ದು ಓಡಿದ ಇಂಜಿನ್ನು. ಇಲ್ಲಿ ಕೆರೆಗೆ ಇಳಿಸಿದರೆ ಮೂರು ಜನರನ್ನು ಎತ್ತಲಿಲ್ಲ. ಮೂಗು ಮೇಲೆ, ಬಾಲ ಕೆಳಗೆ, ಹಿಂದೆ ಕಪ್ಪು ಹೊಗೆ. ದಡದಲ್ಲಿ ಅವರ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಕೂತಿದ್ದರು. ಪ್ಲಗ್ ಬಿಚ್ಚಿದೆ, ಮಸಿ. ಒರೆಸಿ ಹಾಕಿದೆ, ಮತ್ತೆ ಅದೇ. ಚಿತ್ರಾನ್ನ ತಣ್ಣಗಾಯಿತು.

ರಾತ್ರಿ ಮಲಗಿದಾಗ ಹೊಳೆಯಿತು. ಮಲ್ಪೆ ಇರುವುದು ಸಮುದ್ರಮಟ್ಟದಲ್ಲಿ, ನಾವಿರುವುದು ಅದಕ್ಕಿಂತ ಸುಮಾರು 800 ಮೀಟರ್ ಮೇಲೆ. ಪ್ರತಿ 300 ಮೀಟರಿಗೆ ಇಂಜಿನ್ನಿನ ಶಕ್ತಿ ಹತ್ತಿರಹತ್ತಿರ ನೂರಕ್ಕೆ ಮೂರರಂತೆ ಇಳಿಯುತ್ತದೆ, ಗಾಳಿ ತೆಳು. ಅಂದರೆ 40 ಎಚ್‌ಪಿಯ ಇಂಜಿನ್ನು ತುಮಕೂರಿಗೆ ಬಂದ ಕೂಡಲೇ 37ರ ಒಳಗೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿಗೆ, ಅಂದರೆ ಜೆಟ್ಟಿಗೆ, ಇದು ಗೊತ್ತಾಗುವುದಿಲ್ಲ, ಅದು ಕಡಲಿನ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತಿರುತ್ತದೆ. ಮಸಿ ಬಂದದ್ದು ಅದಕ್ಕೇ.

ಪ್ರೊಪೆಲ್ಲರ್ ಕೂಡ ಕಡಲಿನದೇ, 13 ಇಂಚು ಪಿಚ್. ಪಿಚ್ ಅಂದರೆ ಸ್ಕ್ರೂ ಮರಕ್ಕಿಳಿದ ಹಾಗೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕು ಅನ್ನುವ ಲೆಕ್ಕ. ಆ ಇಂಜಿನ್ನು ನಿಮಿಷಕ್ಕೆ 5000 ಸುತ್ತು ದಾಟಿ ತಿರುಗಬೇಕಾದದ್ದು 4300ಕ್ಕೇ ಏದುಸಿರು ಬಿಡುತ್ತಿತ್ತು. ಜೆಟ್ ಒಂದು ಸೈಜು ಇಳಿಸಿ, ಪಿಚ್ 11 ಇಂಚಿಗೆ ತಂದೆ. ಮುಂದಿನ ವಾರ ಅದೇ ಮೂರು ಜನರನ್ನು ಕೂರಿಸಿ ಹಿಡಿಕೆ ತಿರುಗಿಸಿದರೆ ದೋಣಿ ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯಿತು. ಮೀಟರಿನಲ್ಲಿ 5100. ಲೆಕ್ಕ ಹಾಕಿ ನೋಡಿ: ಗೇರಿನಲ್ಲಿ ಅರ್ಧವಾಗಿ ಪ್ರೊಪೆಲ್ಲರಿಗೆ 2550 ಸುತ್ತು, ಸುತ್ತಿಗೆ 28 ಸೆಂಟಿಮೀಟರ್, ಅಂದರೆ ಗಂಟೆಗೆ 42-43 ಕಿಲೋಮೀಟರ್. ನೀರು ಮರದಷ್ಟು ಗಟ್ಟಿಯಲ್ಲವಲ್ಲ, ಜಾರಿಕೆ ಅಂತ ಹತ್ತು-ಹದಿನೈದು ಪರ್ಸೆಂಟ್ ಕಳೆದರೆ 37ರ ಆಸುಪಾಸು ಉಳಿಯುತ್ತದೆ. ನೀರಿಗೆ ಒಂದು ಗೇಣು ಮೇಲೆ ಕೂತವನಿಗೆ ಅದೇ ಎಂಬತ್ತರ ಹಾಗೆ ಅನ್ನಿಸುತ್ತದೆ. ಮೈ ಜುಮ್ ಅನ್ನುವುದಕ್ಕೆ ಅಷ್ಟು ಸಾಕು.

ಆದ್ದರಿಂದ ನಿಮ್ಮ ಭಾವಮೈದನಿಗೆ ಮೊದಲು ಹೇಳಿ: ಎರಡೋ ನಾಲ್ಕೋ ಅನ್ನುವುದಕ್ಕಿಂತ ನಮ್ಮ ಗಾಳಿಗೆ ತಕ್ಕ ಪ್ರೊಪೆಲ್ಲರ್ ಯಾವುದು ಅನ್ನುವುದೇ ದೊಡ್ಡ ಪ್ರಶ್ನೆ. ಫೋರ್ ಸ್ಟ್ರೋಕ್ ಇಎಫ್‌ಐ (ಕಾರ್ಬೊರೇಟರ್ ಬದಲು ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವಂಥದ್ದು) ಆದರೆ ಪೆಟ್ರೋಲನ್ನು ಗಾಳಿಗೆ ತಕ್ಕ ಹಾಗೆ ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಮಸಿ ಕಟ್ಟುವುದಿಲ್ಲ. ಇಲ್ಲದ ಗಾಳಿಯನ್ನು ಅದೂ ತರಲಾರದು, ಪಿಚ್ ಇಳಿಸುವುದು ಅದಕ್ಕೂ ತಪ್ಪಿದ್ದಲ್ಲ.

ಇನ್ನು ದುಡ್ಡು. ಪೂರ್ತಿ ಥ್ರಾಟಲ್‌ನಲ್ಲಿ 40 ಎಚ್‌ಪಿಯ ಹಳೇ ಟು ಸ್ಟ್ರೋಕು ಗಂಟೆಗೆ ಹೆಚ್ಚುಕಡಿಮೆ 20 ಲೀಟರ್ ಕುಡಿಯುತ್ತದೆ. ಫೋರ್ ಸ್ಟ್ರೋಕಿಗೆ 15 ಸಾಕು. ಅಲ್ಲಿಗೆ ಗಂಟೆಗೆ 500 ರೂಪಾಯಿ ವ್ಯತ್ಯಾಸ. ಅದರ ಮೇಲೆ 50ಕ್ಕೆ 1ರಂತೆ 400 ಮಿಲಿ ಆಯಿಲ್. ನಿಮ್ಮದು ಭಾನುವಾರದ ಶೋಕಿ ಅಲ್ಲ, ದಿನಕ್ಕೆ ಮೂರು-ನಾಲ್ಕು ಗಂಟೆ ಓಡುವ ಬಾಡಿಗೆ ದೋಣಿ. ಅದರಲ್ಲೂ ಜನ ಹತ್ತುವಾಗ, ಇಳಿಯುವಾಗ, ಫೋಟೋ ಹೊಡೆಸಿಕೊಳ್ಳುವಾಗ ಐಡ್ಲಿಂಗ್‌ನಲ್ಲೇ ಹೆಚ್ಚು ಹೊತ್ತು. ಟು ಸ್ಟ್ರೋಕಿನ ದರಿದ್ರ ಎದ್ದು ಕಾಣುವುದು ಐಡ್ಲಿಂಗ್‌ನಲ್ಲೇ. ಕೂತವರ ಮೂಗಿಗೆ ಹೊಗೆ, ಪ್ಲಗ್ಗಿಗೆ ಎಣ್ಣೆ. ಆ ನೀರನ್ನೇ ಊರಿನವರು ಗದ್ದೆಗೂ ದನಕ್ಕೂ ಬಳಸುತ್ತಾರೆ ಅನ್ನುವುದನ್ನೂ ಮರೆಯಬೇಡಿ.

ನನ್ನ ತೀರ್ಮಾನ: ಸಾಲ ಮಾಡಿಯಾದರೂ ಫೋರ್ ಸ್ಟ್ರೋಕ್. ನನ್ನ ಮನಸ್ಸು ಟು ಸ್ಟ್ರೋಕಿನ ಕಡೆಗೇ ಇದೆ, ಆದರೆ ಮನಸ್ಸಿನ ಮಾತು ಕೇಳಿ ಬಾಡಿಗೆ ವ್ಯಾಪಾರ ಮಾಡಿದವರನ್ನು ಬಹಳ ಜನರನ್ನು ನೋಡಿದ್ದೇನೆ.

ಇಷ್ಟಾದ ಮೇಲೂ ಕರಾವಳಿಯದೇ ಬೇಕು ಅಂದರೆ ಒಂದು ಎಚ್ಚರಿಕೆ. ಅಲ್ಲಿಯ ನಾಡದೋಣಿಗಳಲ್ಲಿ ಓಡುವ ಇಂಜಿನ್ನುಗಳು ಎಷ್ಟೋ ಸೀಮೆಎಣ್ಣೆಯವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಅದಕ್ಕಾಗಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಒತ್ತಡ, ಕಡಿಮೆ ಇಟ್ಟಿರುತ್ತಾರೆ. ಅಂಥದ್ದನ್ನು ತಂದು ಪೆಟ್ರೋಲಿನಲ್ಲಿ ವೇಗ ಕೇಳಿದರೆ ಎತ್ತಿನ ಗಾಡಿಗೆ ರೇಸು ಕಲಿಸಿದ ಹಾಗೆ. ಕಂಪ್ರೆಷನ್ ಗೇಜ್ ಹಿಡಿದುಕೊಂಡೇ ಹೋಗಿ, ಸಿಲಿಂಡರುಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಟೀ ಕುಡಿದು ವಾಪಸ್ ಬನ್ನಿ. ಕೆಳಗಿನ ಗೇರ್ ಆಯಿಲ್ ಬೋಲ್ಟ್ ಸಡಿಲಿಸಿ ಎರಡು ತೊಟ್ಟು ಬೆರಳ ಮೇಲೆ ತಗೊಳ್ಳಿ. ಹಾಲು ಹೆಚ್ಚಾದ ಕಾಫಿಯ ಬಣ್ಣ ಇದ್ದರೆ ಸೀಲ್ ಹೋಗಿ ಒಳಗೆ ನೀರು ಸೇರಿದೆ ಅಂತ. ಓಡುವಾಗ ಹಿಂದಿನ ತೂತಿನಿಂದ ಕೂಲಿಂಗ್ ನೀರು ಪಿಚಕಾರಿಯ ಹಾಗೆ ಚಿಮ್ಮಬೇಕು, ತೊಟ್ಟಿಕ್ಕಿದರೆ ನೀರಿನ ದಾರಿಯಲ್ಲಿ ಉಪ್ಪು ಕಟ್ಟಿರುತ್ತದೆ ಇಲ್ಲವೇ ನೀರು ತಳ್ಳುವ ಪಂಪಿನ ಚಕ್ರ, ಇಂಪೆಲ್ಲರ್, ಸವೆದಿರುತ್ತದೆ.

ಯಾವ ಇಂಜಿನ್ ತಗೊಂಡರೂ ಕಿಲ್ ಸ್ವಿಚ್ಚಿನ ಆ ಕೆಂಪು ಸುರುಳಿ ಹಗ್ಗ ಓಡಿಸುವವನ ಮೈಗೆ ಸಿಕ್ಕಿಸಿರಬೇಕು. ಅವನು ನೀರಿಗೆ ಬಿದ್ದರೆ ಇಂಜಿನ್ನೂ ನಿಲ್ಲಬೇಕು. ಅದನ್ನು ಹಿಡಿಕೆಗೆ ಸುತ್ತಿ ಇಡುವ ಡ್ರೈವರನನ್ನು ಅವತ್ತೇ ಮನೆಗೆ ಕಳಿಸಿ.

ಪ್ರಶ್ನೆ: ಸರ್, ಮೆಕ್ಯಾನಿಕಲ್ ಓದುತ್ತಿದ್ದೇನೆ. ರೇಸ್ ದೋಣಿಗಳಿಗೆ ಟು ಸ್ಟ್ರೋಕೇ ರಾಜ ಅಂತ ಸೀನಿಯರ್ಸ್ ಹೇಳುತ್ತಾರೆ. ಹಾಗಿದ್ದರೆ ದೊಡ್ಡ ಕಂಪನಿಗಳೆಲ್ಲ ಅದನ್ನು ಯಾಕೆ ಬಿಟ್ಟವು?
— ವಿದ್ಯಾರ್ಥಿ, ತುಮಕೂರು

ಉತ್ತರ: ತಮ್ಮಾ, 2018ರ ನವೆಂಬರಿನಲ್ಲಿ ಅಮರಾವತಿಯ ಹೆಸರಿನಲ್ಲಿ ಕೃಷ್ಣಾ ನದಿಯ ಮೇಲೆ ಫಾರ್ಮುಲಾ ಒನ್ ದೋಣಿ ರೇಸ್ ಆಯಿತು. ನಾನೂ ನನ್ನ ಅಳಿಯನೂ ರೈಲು ಹತ್ತಿ ವಿಜಯವಾಡಕ್ಕೆ ಹೋಗಿದ್ದೆವು. ಆ ದೋಣಿಗಳ ಹಿಂದೆ ಇದ್ದದ್ದು ಎರಡೂವರೆ ಲೀಟರಿನ ವಿ-6 ಟು ಸ್ಟ್ರೋಕ್, 400 ಎಚ್‌ಪಿಯ ಮಟ್ಟದ್ದು, ಹತ್ತು ಸಾವಿರ ಆರ್‌ಪಿಎಂ ದಾಟುವಂಥದ್ದು. ಶಬ್ದ ಕಿವಿಗೆ ಬರುವುದಕ್ಕಿಂತ ಮೊದಲು ಎದೆಗೆ ಬರುತ್ತದೆ. ಗಾಳಿ ನಮ್ಮ ಕಡೆ ತಿರುಗಿದಾಗ ಸುಟ್ಟ ಆಯಿಲಿನ ವಾಸನೆ, ಅಳಿಯ ಮೂಗು ಮುಚ್ಚಿಕೊಂಡ, ನಾನು ಉಸಿರು ಎಳೆದುಕೊಂಡೆ. ನಿನ್ನ ಸೀನಿಯರ್ಸ್ ಹೇಳಿದ್ದು ಸುಳ್ಳಲ್ಲ.

ಬಿಡಿಸಿದ್ದು ವೇಗ ಅಲ್ಲ, ಕಾನೂನು. ಔಟ್‌ಬೋರ್ಡ್ ಇಂಜಿನ್ನು ಉಗುಳುವ ಸುಡದ ಇಂಧನವನ್ನು ಮುಕ್ಕಾಲು ಪಾಲು ಇಳಿಸಬೇಕು ಅಂತ ಅಮೆರಿಕ 1996ರಲ್ಲಿ ನಿಯಮ ತಂದು, 1998ರಿಂದ 2006ರವರೆಗೆ ಹಂತಹಂತವಾಗಿ ಬಿಗಿ ಮಾಡಿತು. ಕಾಳು ಹಾರಿಸುವ ಕಾರ್ಬೊರೇಟರ್ ಇಂಜಿನ್ನಿಗೆ ಅಲ್ಲಿಗೆ ದಾರಿ ಮುಚ್ಚಿತು. ಕಂಪನಿಗಳು ಎರಡು ದಾರಿ ಹಿಡಿದವು. ಒಂದು, ಟು ಸ್ಟ್ರೋಕನ್ನೇ ರಿಪೇರಿ ಮಾಡುವುದು: ಒಳಗೆ ಬರೀ ಗಾಳಿ ಬಿಟ್ಟು, ಎಕ್ಸಾಸ್ಟ್ ಬಾಗಿಲು ಮುಚ್ಚುವ ಹೊತ್ತಿಗೆ ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವುದು. ತೂರುವಾಗ ಮೊರದಲ್ಲಿ ಕಾಳೇ ಇಲ್ಲದಿದ್ದರೆ ಹಾರುವುದು ಏನು? ಎವಿನ್‌ರೂಡ್‌ನವರ ಇ-ಟೆಕ್ 2003ರಲ್ಲಿ ಬಂದಾಗ ನಾನು ಅದರ ಕ್ಯಾಟಲಾಗನ್ನು ಪಂಚಾಂಗದ ಹಾಗೆ ಓದಿದ್ದೆ. ಹಗುರ, ದಮ್ಮು, ಹೊಗೆಯೂ ಇಲ್ಲ. 1909ರಿಂದ ಔಟ್‌ಬೋರ್ಡ್ ಮಾಡುತ್ತಿದ್ದ ಹೆಸರು ಅದು. 2020ರ ಮೇನಲ್ಲಿ ಅದರ ಒಡೆಯರು ಆ ಇಂಜಿನ್ನುಗಳ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟರು. ಸುದ್ದಿ ಓದಿದ ದಿನ ಗ್ಯಾರೇಜಿನಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ ನಾನು. ಹುಡುಗರು ಮನೆಯಲ್ಲಿ ಏನೋ ಜಗಳ ಅಂದುಕೊಂಡರು.

ಇನ್ನೊಂದು ದಾರಿ ಫೋರ್ ಸ್ಟ್ರೋಕು. ಹೋಂಡಾದವರು 1964ರಿಂದಲೂ ಅದನ್ನೇ ಮಾಡುತ್ತಿದ್ದರು, ಮೊದಲು ಎಲ್ಲರೂ ಅದನ್ನು ಭಾರ ಅಂತ ಆಡಿಕೊಂಡವರೇ. 2004ರಲ್ಲಿ ಮರ್ಕ್ಯುರಿಯವರು 2.6 ಲೀಟರಿನ ಸಾಲು ಆರು ಸಿಲಿಂಡರಿಗೆ ಸೂಪರ್‌ಚಾರ್ಜರ್ ಕೂರಿಸಿದರು. ಎರಡು ಸುತ್ತಿಗೆ ಒಂದೇ ಏಟಾದರೂ ಆ ಏಟಿಗೆ ಗಾಳಿ ಒತ್ತಿ ತುಂಬಿದರೆ ಆಯಿತಲ್ಲ! 2019ರಲ್ಲಿ ಅವರದೇ ರೇಸಿಂಗ್ ವಿಭಾಗ 4.6 ಲೀಟರಿನ ವಿ-8ರಿಂದ 450 ಎಚ್‌ಪಿ ತೆಗೆಯಿತು, ತೂಕ 313 ಕೆಜಿ. ಭಾಗಿಸಿ ನೋಡು, ಕೆಜಿಗೆ 1.4 ಎಚ್‌ಪಿ. ಮೇಲೆ ಕುಣಿಗಲ್ಲಿನವರಿಗೆ ಹೇಳಿದ ಆ ಹಗುರ ಟು ಸ್ಟ್ರೋಕಿನ ಲೆಕ್ಕ ಕೆಜಿಗೆ ಅರ್ಧ ಎಚ್‌ಪಿಯ ಸುತ್ತಮುತ್ತ. ಹಗುರ ಅನ್ನುವ ವಾದವೇ ಮೇಲಿನ ಕ್ಲಾಸಿನಲ್ಲಿ ಬಿದ್ದುಹೋಯಿತು. 2021ರಲ್ಲಿ 7.6 ಲೀಟರಿನ ವಿ-12 ಬಂತು, 600 ಎಚ್‌ಪಿ, ತೂಕ 570 ಕೆಜಿ. ಅಷ್ಟು ದೊಡ್ಡ ತಲೆಯನ್ನು ತಿರುಗಿಸುವುದು ಕಷ್ಟ ಅಂತ ಅದರ ತಲೆ ನಿಂತಲ್ಲೇ ನಿಂತಿರುತ್ತದೆ, ನೀರಿನೊಳಗಿನ ಕಾಲು ಮಾತ್ರ ತಿರುಗುತ್ತದೆ. ಎರಡು ಗೇರು ಬೇರೆ. ನಿನಗೆ ಸೆಮಿನಾರ್ ವಿಷಯ ಬೇಕಿದ್ದರೆ ಆ ಕಾಲಿನ ಒಳಗೆ ಏನಿದೆ ಅನ್ನುವುದನ್ನೇ ತಗೋ. ಅಲ್ಲಿರುವ ಗೇರುಗಳ ನಕ್ಷೆ ನೋಡಿದರೆ ನನಗೆ ಇವತ್ತಿಗೂ ತಲೆ ತಿರುಗುತ್ತದೆ.

ಪ್ರಶ್ನೆ: ನಮ್ಮ ತೆಂಗಿನ ತೋಟದ ಕೃಷಿಹೊಂಡದಲ್ಲಿ ಓಡಿಸಲು 5 ಎಚ್‌ಪಿ ಟು ಸ್ಟ್ರೋಕ್ ಇಂಜಿನ್ ಇದೆ. ಸ್ಕೂಟರಿನ 2ಟಿ ಆಯಿಲ್ ಹಾಕಬಹುದೇ?
— ಓದುಗರು, ತಿಪಟೂರು

ಉತ್ತರ: ಕೃಷಿಹೊಂಡಕ್ಕೆ 5 ಎಚ್‌ಪಿ! ಇರಲಿ, ಶೋಕಿಗೆ ಲೆಕ್ಕ ಇಲ್ಲ. ಸ್ಕೂಟರಿನದು ಬೇಡ. ಸ್ಕೂಟರಿನ ಇಂಜಿನ್ನು ಗಾಳಿಗೆ ತಣಿಯುವಂಥದ್ದು, ಕಾದು ಕೆಂಡ. ಅದರ ಆಯಿಲಿನಲ್ಲಿ ಬೂದಿ ಬಿಡುವ ಅಂಶ ಇರುತ್ತದೆ. ದೋಣಿಯದು ಹೊಂಡದ ತಣ್ಣೀರನ್ನೇ ಕುಡಿಯುತ್ತ ತಂಪಾಗಿ ಓಡುತ್ತದೆ, ಆ ಬೂದಿ ಪಿಸ್ಟನ್ ರಿಂಗಿನ ಸಂದಿನಲ್ಲಿ ಗಸಿಯ ಹಾಗೆ ಕೂರುತ್ತದೆ. ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದಿರುವುದನ್ನೇ ತಗೊಳ್ಳಿ. ನಿಮ್ಮ ಮ್ಯಾನ್ಯುಯಲ್ 50ಕ್ಕೆ 1 ಅಂದಿದ್ದರೆ ಐದು ಲೀಟರಿಗೆ 100 ಮಿಲಿ. ಕಣ್ಣಂದಾಜು ಬೇಡ, ಕೆಮ್ಮಿನ ಸಿರಪ್ಪಿನ ಮುಚ್ಚಳ ಇಟ್ಟುಕೊಂಡಾದರೂ ಅಳೆಯಿರಿ.

ಪ್ರಶ್ನೆ: ಹೊಸ 15 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿ ತಂದೆವು. ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಆಮೇಲೆ ಬಂದ್. ಮೋಸ ಹೋದೆವೇ?
— ಓದುಗರು, ಶಿರಾ

ಉತ್ತರ: ಮೋಸ ಹೋಗಿಲ್ಲ, ತಪ್ಪು ಮಗ್ಗುಲಿಗೆ ಮಲಗಿಸಿದ್ದೀರಿ. ಟು ಸ್ಟ್ರೋಕಿಗೆ ಸಂಪ್ ಇಲ್ಲ, ಯಾವ ಮಗ್ಗುಲಾದರೂ ಸರಿ, ತಲೆ ಮಾತ್ರ ಕಾಲಿಗಿಂತ ಮೇಲಿರಬೇಕು. ಫೋರ್ ಸ್ಟ್ರೋಕಿಗೆ ಹೊಟ್ಟೆಯಲ್ಲಿ ಆಯಿಲ್ ಇರುತ್ತದೆ. ಯಾವ ಮಗ್ಗುಲಿಗೆ ಮಲಗಿಸಬೇಕು ಅಂತ ಇಂಜಿನ್ನಿನ ಮೇಲೇ ಚಿತ್ರ ಅಂಟಿಸಿರುತ್ತಾರೆ, ನಾವು ಅದನ್ನು ಸ್ಟಿಕರ್ ಅಂದುಕೊಂಡು ನೋಡುವುದಿಲ್ಲ. ಈಗ ನೆಟ್ಟಗೆ ನಿಲ್ಲಿಸಿ ಒಂದು ರಾತ್ರಿ ಬಿಡಿ. ಪ್ಲಗ್ಗುಗಳನ್ನು ಬಿಚ್ಚಿ, ಕಿಲ್ ಸ್ವಿಚ್ಚಿನ ಹಗ್ಗ ತೆಗೆದಿಟ್ಟು, ಹಗ್ಗದ ಸ್ಟಾರ್ಟರನ್ನು ಮೆಲ್ಲಗೆ ನಾಲ್ಕಾರು ಸಲ ಎಳೆಯಿರಿ, ಆಯಿಲ್ ಹೊರಗೆ ಬರುತ್ತದೆ. ಒರೆಸಿ, ಡಿಪ್‌ಸ್ಟಿಕ್ ನೋಡಿ, ಕಡಿಮೆ ಇದ್ದರೆ ತುಂಬಿ. ಸಿಲಿಂಡರಿನಲ್ಲಿ ಆಯಿಲ್ ಇರುವಾಗ ಜೋರಾಗಿ ಎಳೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಅಷ್ಟು ಮಾತ್ರ ಮಾಡಬೇಡಿ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಕುಡಿಯುವ ನೀರಿಗೇ ತತ್ವಾರ, ನಿಮ್ಮ ದೋಣಿ ಪುರಾಣ ನಮಗೆ ಯಾಕೆ? ನಮ್ಮ ಮನೆಯ ಪವರ್ ಸ್ಪ್ರೇಯರ್, ಟು ಸ್ಟ್ರೋಕಿನದು, ಮೂರು ತಿಂಗಳು ಇಟ್ಟು ತೆಗೆದರೆ ಸ್ಟಾರ್ಟೇ ಆಗುತ್ತಿಲ್ಲ. ಪೆಟ್ರೋಲ್ ಅದರೊಳಗೇ ಇತ್ತು. ಇದಕ್ಕೆ ಉತ್ತರ ಕೊಡಿ.
— ಓದುಗರು, ಪಾವಗಡ

ಉತ್ತರ: ಸರಿಯಾಗಿ ಕೇಳಿದಿರಿ ತಾಯಿ. ಬಿಸಿಲಿನಿಂದ ಕರೆಂಟು ತೆಗೆಯುವ ಊರಿನವರಿಗೆ ನೀರಿನ ಕಥೆ ಹೇಳಿದ್ದು ನನ್ನದೇ ತಪ್ಪು. ಆದರೆ ನಿಮ್ಮ ಸ್ಪ್ರೇಯರೂ ದೋಣಿ ಇಂಜಿನ್ನೂ ಒಂದೇ ಕಾಯಿಲೆಯಲ್ಲಿ ಮಲಗಿರುವಂಥವು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಇರುತ್ತದೆ. ಔಟ್‌ಬೋರ್ಡ್ ಕಂಪನಿಗಳು ಸಾಮಾನ್ಯವಾಗಿ ಹತ್ತರವರೆಗೆ ಮಾತ್ರ ಒಪ್ಪುತ್ತವೆ. ಎಥನಾಲಿಗೆ ನೀರು ಅಂದರೆ ಪ್ರಾಣ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನನ್ನ ಗ್ಯಾರೇಜಿನ ಕಿಟಕಿಯಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಇದೆ. ಅರ್ಧ ಲೀಟರ್ ಬಂಕ್ ಪೆಟ್ರೋಲಿಗೆ ಎರಡು-ಮೂರು ಚಮಚ ನೀರು ಹಾಕಿ ಕುಲುಕಿ ಇಟ್ಟದ್ದು. ಸ್ವಲ್ಪ ಹೊತ್ತಿಗೆ ಕೆಳಗೆ ಒಂದು ಪದರ, ಮೇಲೆ ಒಂದು ಪದರ, ನಡುವೆ ಸೂಜಿಯಲ್ಲಿ ಎಳೆದಂಥ ಗೆರೆ. ಹಾಕಿದ್ದು ಮೂರು ಚಮಚ, ಕೆಳಗೆ ಕೂತದ್ದು ಅರ್ಧ ಲೋಟ! ನೀರು ತನ್ನ ಜೊತೆಗೆ ಎಥನಾಲನ್ನೂ ಕರೆದುಕೊಂಡು ಇಳಿದಿದೆ. ಟು ಸ್ಟ್ರೋಕಿಗೆ ಇದು ಇನ್ನೂ ಕೆಟ್ಟದ್ದು, ಯಾಕೆಂದರೆ ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನ ಜೊತೆಗೇ ಉಳಿಯುತ್ತದೆ. ಟ್ಯಾಂಕಿನ ಪೈಪು ಎಳೆಯುವುದು ತಳದಿಂದ. ಹೇಗೋ ಸ್ಟಾರ್ಟ್ ಆದರೂ ಆಯಿಲ್ ಇಲ್ಲದೆ ಓಡಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಂಥ ಪಿಸ್ಟನ್ ಎಷ್ಟೋ ಕೈಯಲ್ಲಿ ಹಿಡಿದಿದ್ದೇನೆ, ಎಕ್ಸಾಸ್ಟಿನ ಮಗ್ಗುಲಿಗೆ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು.

ನಿಮ್ಮ ಸ್ಪ್ರೇಯರ್ ಸ್ಟಾರ್ಟ್ ಆಗದೇ ಇದ್ದದ್ದು ಒಳ್ಳೆಯದೇ ಆಯಿತು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ. ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ಒರೆಸಿ, ಒಳಗೆ ಬೆಲ್ಲದ ಪಾಕದಂಥ ಅಂಟು ಇದ್ದರೆ ಕಾರ್ಬೊರೇಟರ್ ಕ್ಲೀನರ್ ಹೊಡೆದು ಜೆಟ್ಟಿನ ತೂತಿನಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಪ್ಲಗ್ ತೆಗೆದು ಒಣಗಿಸಿ. ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿ. ಇನ್ನು ಮುಂದೆ ಕೆಲಸ ಮುಗಿದ ದಿನವೇ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಇಷ್ಟು ಮಾಡಿಯೂ ಸ್ಟಾರ್ಟ್ ಆಗದಿದ್ದರೆ ಪ್ಲಗ್ಗಿನ ತುದಿ ಯಾವ ಬಣ್ಣ ಇದೆ ಅಂತ ಒಂದು ಕಾರ್ಡು ಬರೆಯಿರಿ: ಕಪ್ಪೋ, ಬೂದಿಯೋ, ಹುರಿಗಡಲೆಯ ಬಣ್ಣವೋ.